ಟಾರಂಟುಲಾ ಮರಿ ಆಗುತ್ತಿಲ್ಲವೇ? ಲಕ್ಷಣದಿಂದ ಹಿಂದಕ್ಕೆ ಹೋಗಿ ದೋಷ ಹುಡುಕುವ ಕೈಪಿಡಿ

ಜೋಡಿ ಮಾಡಿಸಿ ನಾಲ್ಕು ತಿಂಗಳಾಯಿತು, ಮೊಟ್ಟೆ ಇಲ್ಲ. ಇಲ್ಲವೇ ಮೊಟ್ಟೆಗಂಟು (ಮೊಟ್ಟೆಗಳನ್ನು ಬಲೆಯಲ್ಲಿ ಸುತ್ತಿ ತಾಯಿ ಕಟ್ಟುವ ಉಂಡೆ) ಕಂಡಿತ್ತು, ವಾರ ಕಳೆಯುವಷ್ಟರಲ್ಲಿ ಮಾಯ. ಇಲ್ಲವೇ ಗಂಟು ಬಿಚ್ಚಿ ನೋಡಿದರೆ ಒಳಗೆ ಬೂಷ್ಟು ಹಿಡಿದ ಮುದ್ದೆ. ಮನೆಯಲ್ಲಿ ಟಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡದ ಮರಿ ಮಾಡಿಸಲು ಹೊರಟವರಿಗೆ ಬರುವ ತೊಂದರೆ ಹೆಚ್ಚುಕಮ್ಮಿ ಈ ಮೂರೇ. ಮೂರನ್ನೂ ನಾನು ನೋಡಿದ್ದೇನೆ. ಅದೂ ಒಂದೇ ಹೆಣ್ಣಿನ ಹತ್ತಿರ.

ನಾನಿರುವುದು ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ. ಹತ್ತಿರದ ಹಾಮ್ ಎಂಬ ಊರಿನಲ್ಲಿ ವರ್ಷಕ್ಕೆ ಕೆಲವು ಸಲ ಹಾವು, ಹಲ್ಲಿ, ಜೇಡಗಳ ದೊಡ್ಡ ಸಂತೆ ಸೇರುತ್ತದೆ. ಆಫೀಸಿನ ಗೆಳೆಯನ ಜತೆ ಸುಮ್ನೆ ನೋಡಿ ಬರೋಣ ಅಂತ ಹೋದವನು ಕೈಯಲ್ಲಿ ಒಂದು ಡಬ್ಬಿ ಹಿಡಿದು ಮನೆಗೆ ಬಂದೆ. ಅದರಲ್ಲಿದ್ದವಳು ಗುಂಡಮ್ಮ. ಗುಂಗುರು ಕೂದಲಿನ ಟಾರಂಟುಲಾ, ಶಾಸ್ತ್ರದ ಹೆಸರು ಟ್ಲಿಲ್ಟೊಕಾಟ್ಲ್ ಆಲ್ಬೊಪಿಲೋಸಸ್. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯ ಜಾತಿ. 1980ರಲ್ಲಿ ಹೆಸರಿಟ್ಟಾಗ ಇದನ್ನು ಬ್ರಾಕಿಪೆಲ್ಮಾ ಕುಲಕ್ಕೆ ಸೇರಿಸಿದ್ದರು. ಈಗ ಕುಲ ಬದಲಾಗಿದೆ. ಹಳೇ ಚೀಟಿಯಲ್ಲಿ ಒಂದು ಹೆಸರು, ಹೊಸ ಚೀಟಿಯಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ, ಜೇಡ ಅದೇ.

ಅದೇ ಸಂತೆಯಲ್ಲಿ ಇನ್ನೊಂದು ಡಬ್ಬಿಯ ಮೇಲೆ ‘ಮೈಸೂರು’ ಅಂತ ಬರೆದಿತ್ತು. ಅಷ್ಟು ದೂರದಲ್ಲಿ ಆ ಹೆಸರು ಓದಿ ಕಾಲು ಅಲ್ಲೇ ನಿಂತಿತು. ಪೊಯಿಸಿಲೊಥೀರಿಯಾ ಸ್ಟ್ರಯಾಟಾ, ನಮ್ಮ ದಕ್ಷಿಣ ಭಾರತದ ಕಾಡಿನ ಮರವಾಸಿ. ಹವ್ಯಾಸಿಗಳು ಅದನ್ನು ಮೈಸೂರು ಆರ್ನಮೆಂಟಲ್ ಅನ್ನುತ್ತಾರೆ. ನಮ್ಮ ಕಡೆಯದು ಅಂತ ಮನಸ್ಸು ಎಳೆಯಿತು. ಆದರೂ ತರಲಿಲ್ಲ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತದೆ. ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಮೊದಲ ಪ್ರಯತ್ನ ಮಾಡುವವರ ಕೈಗೆ ಆ ಕುಲ ಬೇಡವೇ ಬೇಡ. ಗುಂಡಮ್ಮನ ಜಾತಿ ನಿಧಾನ, ಗಟ್ಟಿ, ತಪ್ಪು ಮಾಡಿದರೂ ಸಹಿಸಿಕೊಳ್ಳುತ್ತದೆ. ಕೆಳಗೆ ಹೇಳುವ ಅಳತೆಗಳೆಲ್ಲ ಈ ಜಾತಿಗೆ. ಬೇರೆ ಜಾತಿ ಸಾಕಿದ್ದರೆ ಉಷ್ಣಾಂಶ, ದಿನಗಳ ಲೆಕ್ಕ ಬದಲಾಗುತ್ತದೆ. ದೋಷ ಹುಡುಕುವ ದಾರಿ ಮಾತ್ರ ಅದೇ.

ಮೊದಲು ನೋಟ್‌ಬುಕ್ ತೆರೆಯಿರಿ

ಬೈಕ್ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ನೇರವಾಗಿ ಇಂಜಿನ್ ಬಿಚ್ಚುವುದಿಲ್ಲ. ಮೊದಲು ಪೆಟ್ರೋಲ್ ಇದೆಯಾ ನೋಡುತ್ತಾನೆ. ಇಲ್ಲಿ ಪೆಟ್ರೋಲ್ ಅಂದರೆ ತಾರೀಖು. ಹೆಣ್ಣು ಕೊನೆಯ ಸಲ ಪೊರೆ ಬಿಟ್ಟಿದ್ದು ಯಾವಾಗ? ಗಂಡು ತನ್ನ ಕೊನೆಯ ಪೊರೆ ಬಿಟ್ಟಿದ್ದು ಯಾವಾಗ? ಜೋಡಿ ಆದ ದಿನ ಯಾವುದು? ಹೆಣ್ಣು ಊಟ ನಿಲ್ಲಿಸಿದ್ದು ಎಂದಿನಿಂದ? ಈ ನಾಲ್ಕು ತಾರೀಖು ನಿಮ್ಮ ಹತ್ತಿರ ಇಲ್ಲದಿದ್ದರೆ ಮುಂದಿನದ್ದೆಲ್ಲ ಬರೀ ಊಹೆ.

ಮೊಟ್ಟೆ ಕೆಟ್ಟಾಗ ನಾವು ಡಬ್ಬಿಯನ್ನು ದೂರುತ್ತೇವೆ. ತೇವ ಹೆಚ್ಚಾಯಿತು, ಶಾಖ ಕಡಿಮೆಯಾಯಿತು ಅಂತ. ನಾನು ಕಂಡ ಹಾಗೆ ತಪ್ಪು ಅದಕ್ಕಿಂತ ಒಂದೆರಡು ತಿಂಗಳು ಹಿಂದೆಯೇ ಆಗಿರುತ್ತದೆ. ಅದಕ್ಕೇ ಲಕ್ಷಣ ಕಂಡ ಕಡೆಯಿಂದ ಹಿಂದಕ್ಕೆ ನಡೆಯಬೇಕು.

ಇರುವುದು ನಿಜವಾಗಿಯೂ ಒಂದು ಗಂಡು, ಒಂದು ಹೆಣ್ಣೇ?

ನಗಬೇಡಿ. ಎರಡು ಹೆಣ್ಣುಗಳನ್ನು ಎದುರುಬದುರು ಬಿಟ್ಟು ಒಂದನ್ನು ಕಳೆದುಕೊಂಡವರು ಇದ್ದಾರೆ. ಮಾರುವವರ ಮಾತು ಸಾಲದು. ಪೊರೆಯನ್ನು ನೀವೇ ನೋಡಬೇಕು.

ಜೇಡ ಬಿಟ್ಟ ಪೊರೆಯ ಹೊಟ್ಟೆಯ ಭಾಗ ಸಾಮಾನ್ಯವಾಗಿ ಮುದುರಿಕೊಂಡಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅದನ್ನು ನೆನೆಸಿ. ಮೆತ್ತಗಾದ ಮೇಲೆ ಬ್ರಷ್ಷಿನ ತುದಿಯಿಂದ ನಿಧಾನವಾಗಿ ಹರಡಿ. ಒಳಭಾಗದಲ್ಲಿ ನಾಲ್ಕು ಬಿಳಿ ತೇಪೆ ಕಾಣುತ್ತವೆ, ಅವು ಉಸಿರಾಟದ ಅಂಗಗಳು. ಮುಂದಿನ ಎರಡು ತೇಪೆಗಳ ನಡುವೆ ನೋಡಿ. ಹೆಣ್ಣಾದರೆ ಅಲ್ಲಿ ಚಿಕ್ಕ ಜೇಬಿನಂಥ, ಎದ್ದು ನಿಂತ ಮಡಿಕೆ ಇರುತ್ತದೆ. ಗಂಡಿನ ವೀರ್ಯವನ್ನು ಅವಳು ಕೂಡಿಡುವ ಚೀಲ ಅದು. ಗಂಡಾದರೆ ಜೇಬು ಇಲ್ಲ. ದೊಡ್ಡ ಜೇಡದಲ್ಲಿ ಭೂತಗನ್ನಡಿ ಸಾಕು. ಈ ಜೇಬನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬೆಳೆದ ಗಂಡನ್ನು ಗುರುತಿಸುವುದು ಸುಲಭ. ಬಾಯಿಯ ಪಕ್ಕದ ಎರಡು ಪುಟ್ಟ ಕಾಲುಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದಂತೆ ಉಬ್ಬಿರುತ್ತದೆ. ಮೊದಲ ಜೊತೆ ಕಾಲಿನ ಒಳಬದಿಯಲ್ಲಿ ಕೊಕ್ಕೆ ಇರುತ್ತದೆ. ಎಲ್ಲ ಜಾತಿಗೂ ಕೊಕ್ಕೆ ಇರುವುದಿಲ್ಲ, ಗುಂಡಮ್ಮನ ಜಾತಿಗೆ ಇದೆ.

ಇನ್ನೊಂದು ಮಾತು. ಜಾತಿ ಒಂದೇನಾ ನೋಡಿ. ಈ ಗುಂಗುರು ಜೇಡಕ್ಕೂ ಅದೇ ಕುಲದ ವೇಗಾನ್ಸ್ ಜಾತಿಗೂ ಬೆರಕೆ ಆಗಿರುವ ಸಾಲು ಮಾರುಕಟ್ಟೆಯಲ್ಲಿದೆ ಅಂತ ಹವ್ಯಾಸಿಗಳಿಗೆ ಬಹಳ ದಿನದಿಂದ ಅನುಮಾನ. ನಿಮ್ಮ ಹೆಣ್ಣು ಎಲ್ಲಿಂದ ಬಂದಳು ಅಂತ ಗೊತ್ತಿಲ್ಲದಿದ್ದರೆ ಅವಳನ್ನು ಸುಮ್ಮನೆ ಸಾಕಿ, ಜೋಡಿ ಮಾಡಿಸಬೇಡಿ.

ಲಕ್ಷಣ: ಗಂಡು ಮೂಲೆಯಲ್ಲಿ ಕೂತಿದೆ, ಮುಂದೆ ಬರುತ್ತಿಲ್ಲ

ಇಲ್ಲಿನವರು ಬೆಳೆದ ಗಂಡು ಜೇಡವನ್ನು ‘ಬೊಕ್’ ಅನ್ನುತ್ತಾರೆ. ಅಂದರೆ ಹೋತ. ಗಂಡು ಸಿಗುವುದು ಕಷ್ಟ, ಬದುಕುವುದೂ ಕಡಿಮೆ. ಹೆಣ್ಣು ಇಪ್ಪತ್ತು ವರ್ಷ ಬಾಳಿದರೆ ಗಂಡು ಬೆಳೆದ ಮೇಲೆ ಒಂದು ವರ್ಷದ ಆಸುಪಾಸು. ಅದಕ್ಕೇ ಗಂಡನ್ನು ಸಾಲ ಕೊಡುವ ಪದ್ಧತಿ ಇದೆ. ನಮ್ಮ ಕಡೆ ಕುರಿ, ಆಕಳನ್ನು ಪಾಲಿಗೆ ಕೊಡುತ್ತಾರಲ್ಲ, ಹಾಗೆ. ಹುಟ್ಟಿದ ಮರಿಯಲ್ಲಿ ಅರ್ಧ ಗಂಡಿನ ಒಡೆಯನಿಗೆ.

ಸಾಲ ತಂದ ಹೋತ ಸುಮ್ಮನೆ ಕೂತರೆ ಮೊದಲು ಕೇಳಬೇಕಾದ್ದು: ಅದು ವೀರ್ಯದ ಬಲೆ ಕಟ್ಟಿದೆಯಾ? ಗಂಡು ಕೊನೆಯ ಪೊರೆ ಬಿಟ್ಟ ತಕ್ಷಣ ತಯಾರಾಗಿರುವುದಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಚಪ್ಪರದಂಥ ಬಲೆ ಹೆಣೆಯುತ್ತದೆ. ಅದರ ಅಡಿಗೆ ಹೋಗಿ ಒಂದು ಹನಿ ವೀರ್ಯ ಬಿಟ್ಟು, ಮೇಲೆ ಹತ್ತಿ, ಗ್ಲೌಸಿನಂಥ ಆ ತುದಿಗಳಿಗೆ ಅದನ್ನು ತುಂಬಿಕೊಳ್ಳುತ್ತದೆ. ಶಾಯಿ ಪೆನ್ನಿಗೆ ಇಂಕು ತುಂಬಿದ ಹಾಗೆ. ತುಂಬದ ಪೆನ್ನಿನಿಂದ ಏನು ಬರೆದರೂ ಮೂಡುವುದಿಲ್ಲ ಅಲ್ವಾ? ಕೆಲಸ ಮುಗಿದ ಮೇಲೆ ಬಲೆಯನ್ನು ಹರಿದುಹಾಕುವುದೂ ಉಂಟು, ಆದ್ದರಿಂದ ನೀವು ನೋಡದೇ ಇರಬಹುದು. ನೆಲದ ಮೇಲೆ ಚಿಂದಿಯಾದ ದಪ್ಪ ಬಲೆ ಬಿದ್ದಿದ್ದರೆ ಅದೇ ಗುರುತು. ಏನೂ ಕಾಣದಿದ್ದರೆ ಪೊರೆ ಬಿಟ್ಟು ಒಂದು ತಿಂಗಳಾದರೂ ಕಾಯಿರಿ.

ಎರಡನೆಯದು ಬೆಳಕು. ಟ್ಯೂಬ್‌ಲೈಟ್ ಕೆಳಗೆ, ಕ್ಯಾಮೆರಾ ಹಿಡಿದ ನಾಲ್ಕು ಜನರ ನಡುವೆ ಜೋಡಿ ಆಗು ಅಂದರೆ ಯಾವ ಗಂಡು ಆದೀತು? ಸಂಜೆ ಮಾಡಿ. ದೀಪ ಮಂಕು ಮಾಡಿ. ಗಂಡನ್ನು ಅದರ ಗೂಡಿನ ಸಮೇತ ಹೆಣ್ಣಿನ ಡಬ್ಬಿಯ ದೂರದ ಮೂಲೆಗೆ ಇಳಿಸಿ. ಹೆಣ್ಣು ಓಡಾಡಿದ ಬಲೆಯ ಎಳೆ ಕಾಲಿಗೆ ತಾಗಿದರೆ ಗಂಡಿಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಅದು ನೆಲ ಬಡಿಯಲು ಶುರು ಮಾಡುತ್ತದೆ. ಮೇಜಿನ ಮೇಲೆ ಬೆರಳಿನಿಂದ ತಬಲಾ ಬಾರಿಸಿದಂತೆ. ಹೆಣ್ಣೂ ತಿರುಗಿ ಬಡಿದರೆ ಕೆಲಸ ಮುಕ್ಕಾಲು ಆದ ಹಾಗೆ.

ತಬಲಾನೇ ಕೇಳದಿದ್ದರೆ ಕೋಣೆ ತಣ್ಣಗಿದೆಯಾ ನೋಡಿ. ಇಲ್ಲಿ ಚಳಿಗಾಲದಲ್ಲಿ ರಾತ್ರಿ ಹೀಟರ್ ತಗ್ಗಿಸುತ್ತೇವೆ, ಜೇಡ ಮರಗಟ್ಟಿ ಕೂರುತ್ತದೆ. 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅದೂ ಸರಿಯಿದ್ದು ಹೋತ ಇನ್ನೂ ಸುಮ್ಮನಿದ್ದರೆ ಅದಕ್ಕೆ ವಯಸ್ಸಾಗಿದೆ. ಒಡೆಯನಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಕೊಡಿ.

ಲಕ್ಷಣ: ಹೆಣ್ಣು ಗಂಡನ್ನು ತಿಂದಿತು

ಹಸಿದಿತ್ತು. ಜೋಡಿಗೆ ಮುಂಚಿನ ಎರಡು ವಾರ ಹೆಣ್ಣು ಇನ್ನು ಬೇಡ ಅನ್ನುವಷ್ಟು ತಿನ್ನಿಸಿ. ಜೋಡಿ ನಡೆಯುವಾಗ ಕೈಯಲ್ಲಿ ಒಂದು ಉದ್ದ ಬ್ರಷ್, ಒಂದು ರಟ್ಟಿನ ತುಂಡು ಇರಲಿ. ಗಂಡು ಕೊಕ್ಕೆಯಿಂದ ಹೆಣ್ಣಿನ ಕೋರೆಹಲ್ಲನ್ನು ಎತ್ತಿ ಹಿಡಿದು, ಕೆಲಸ ಮುಗಿಸಿ, ಕೈಬಿಟ್ಟ ಆ ಕ್ಷಣವೇ ಅಪಾಯ. ನಡುವೆ ರಟ್ಟು ಇಳಿಸಿ. ಸಾಲದ ಗಂಡು ಸತ್ತರೆ ಪಾಲಿನ ಮಾತು ಏನು ಅಂತ ಮೊದಲೇ ಮಾತಾಡಿಕೊಂಡಿದ್ದರೆ ಸ್ನೇಹ ಉಳಿಯುತ್ತದೆ.

ಲಕ್ಷಣ: ಜೋಡಿ ಆಯಿತು, ತಿಂಗಳು ಕಳೆಯಿತು, ಮೊಟ್ಟೆ ಇಲ್ಲ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ನಾನೂ ಬಿದ್ದೆ.

ಮೊದಲ ವರ್ಷ ಜೋಡಿ ಕಣ್ಣೆದುರಿಗೇ ಆಯಿತು. ಗಂಡು ಎರಡೂ ಬದಿಯಿಂದ ತುದಿ ತೂರಿಸಿದ್ದನ್ನು ನಾನೇ ನೋಡಿದೆ. ಗುಂಡಮ್ಮ ಚೆನ್ನಾಗಿ ತಿಂದಳು, ಉಬ್ಬಿದಳು. ಎರಡು ತಿಂಗಳಿಗೆ ಊಟ ಬಿಟ್ಟಳು. ಗೂಡಿನ ಬಾಯಿಗೆ ಬಲೆ ಕಟ್ಟಿದಳು. ಇನ್ನೇನು ಮೊಟ್ಟೆ ಅಂತ ನಾನು ಊರಿಗೆಲ್ಲ ಸುದ್ದಿ ಹಂಚಿದೆ. ಒಂದು ಬೆಳಿಗ್ಗೆ ನೋಡಿದರೆ ಗೂಡಿನ ಬಾಗಿಲಲ್ಲಿ ಪೊರೆ ಬಿದ್ದಿತ್ತು. ಪಕ್ಕದಲ್ಲಿ ಹೊಸ ಸೀರೆ ಉಟ್ಟವಳಂತೆ ಗುಂಡಮ್ಮ.

ಅಲ್ಲಿಗೆ ಆ ವರ್ಷದ ಕಥೆ ಮುಗಿಯಿತು. ಯಾಕೆ ಅಂದರೆ, ಆ ಜೇಬು ನೆನಪಿದೆಯಲ್ಲ? ಪೊರೆ ಬಿಡುವಾಗ ಜೇಬಿನ ಒಳಪದರವೂ ಪೊರೆಯ ಜತೆಗೇ ಕಳಚಿಬರುತ್ತದೆ. ಅದರಲ್ಲಿ ಕೂಡಿಟ್ಟ ವೀರ್ಯವೂ ಹೋಗುತ್ತದೆ. ಜೇಡ ಮೊಟ್ಟೆ ಇಡುವ ಹೊತ್ತಿಗೆ ಆ ವೀರ್ಯ ಬೇಕು, ಮೊಟ್ಟೆ ಹೊರಬರುವಾಗಲೇ ಫಲ ಕಟ್ಟುವುದು. ಜೋಡಿ ಎಷ್ಟೇ ಚೆನ್ನಾಗಿ ಆಗಿರಲಿ, ಮೊಟ್ಟೆಗೆ ಮೊದಲು ಪೊರೆ ಬಿಟ್ಟರೆ ಅವಳು ಮತ್ತೆ ಕನ್ಯೆ.

ದೋಷ ಎಲ್ಲಿತ್ತು? ಜೋಡಿಯಲ್ಲಿ ಅಲ್ಲ, ಊಟದಲ್ಲಿ ಅಲ್ಲ. ಕೊನೆಯ ಪೊರೆ ಬಿಟ್ಟು ವರ್ಷವಾಗುತ್ತ ಬಂದ ಹೆಣ್ಣಿಗೆ ನಾನು ಗಂಡು ತಂದಿದ್ದೆ. ಅವಳ ಮೈ ಆಗಲೇ ಮುಂದಿನ ಪೊರೆಗೆ ಸಿದ್ಧವಾಗುತ್ತಿತ್ತು. ಊಟ ಬಿಡುವುದು, ಬಾಗಿಲು ಮುಚ್ಚುವುದು ಪೊರೆಗೂ ಅದೇ ಲಕ್ಷಣ, ಮೊಟ್ಟೆಗೂ ಅದೇ ಲಕ್ಷಣ. ನನಗೆ ಬೇಕಾದದ್ದನ್ನು ನಾನು ಓದಿಕೊಂಡೆ.

ಎರಡನ್ನೂ ಬೇರೆ ಮಾಡುವ ಗುರುತು ಹೊಟ್ಟೆಯ ಮೇಲಿದೆ. ಈ ಜಾತಿ ಸಿಟ್ಟು ಬಂದಾಗ ಹಿಂಗಾಲಿನಿಂದ ಹೊಟ್ಟೆಯ ಕೂದಲನ್ನು ಉಜ್ಜಿ ಗಾಳಿಗೆ ಹಾರಿಸುತ್ತದೆ. ಹಾಗೆ ಬೋಳಾದ ಜಾಗದ ಬಣ್ಣ ನೋಡಿ. ತಿಳಿಯಾಗಿದ್ದರೆ ಪೊರೆ ದೂರ ಇದೆ. ಕಪ್ಪಾಗಿ, ಬಿಗಿದು ಹೊಳೆಯುತ್ತಿದ್ದರೆ ಅಡಿಯಲ್ಲಿ ಹೊಸ ಕೂದಲು ಬೆಳೆದಿದೆ, ಪೊರೆ ಹತ್ತಿರ. ಬೋಳು ಕಪ್ಪಾಗಿದ್ದಾಗ ಗಂಡನ್ನು ತರಲೇಬೇಡಿ. ಹೆಣ್ಣು ಪೊರೆ ಬಿಟ್ಟು, ಮೈ ಗಟ್ಟಿಯಾಗಿ, ಎರಡು ಮೂರು ತಿಂಗಳು ಚೆನ್ನಾಗಿ ತಿಂದ ಮೇಲೆ ಜೋಡಿ ಮಾಡಿಸಿ. ಆಗ ಮುಂದಿನ ಪೊರೆಗೆ ಸಾಕಷ್ಟು ಕಾಲ ಇರುತ್ತದೆ. ನನ್ನ ಮಟ್ಟಿಗೆ ಇದೊಂದನ್ನು ಸರಿ ಮಾಡಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಪೊರೆಯೂ ಬಿಟ್ಟಿಲ್ಲ, ಮೊಟ್ಟೆಯೂ ಇಲ್ಲ ಅನ್ನುವವರಿಗೆ ಎರಡು ಮಾತು. ಒಂದು, ಕಾಯಿರಿ. ಗುಂಡಮ್ಮ ಒಮ್ಮೆ ಎರಡು ತಿಂಗಳಿಗೆ ಇಟ್ಟಳು, ಇನ್ನೊಮ್ಮೆ ನಾಲ್ಕೂವರೆ ತಿಂಗಳು ತೆಗೆದುಕೊಂಡಳು. ಎರಡು, ಋತು ಬದಲಾಯಿಸಿ ನೋಡಿ. ಈ ಜೇಡಗಳ ಊರಲ್ಲಿ ಬೇಸಿಗೆ ಒಣಗಿರುತ್ತದೆ, ಆಮೇಲೆ ಮಳೆ ಬರುತ್ತದೆ. ಡಬ್ಬಿಯ ಮಣ್ಣನ್ನು ಕೆಲವು ವಾರ ಒಣಗಲು ಬಿಡಿ, ನೀರಿನ ಬಟ್ಟಲು ಮಾತ್ರ ತುಂಬಿರಲಿ. ಆಮೇಲೆ ಒಂದು ಮೂಲೆಗೆ ಚೆನ್ನಾಗಿ ನೀರು ಸುರಿಯಿರಿ. ನಮಗೆ ಮುಂಗಾರಿನ ಮೊದಲ ಮಳೆಯ ವಾಸನೆ ಹೊಡೆದಂತೆ ಅವಕ್ಕೂ ಏನೋ ಹೊಡೆಯುತ್ತದೆ. ಚಿಲಿ ದೇಶದ ಗ್ರಾಮೊಸ್ಟೋಲಾದಂಥ ಜಾತಿಗಳಿಗೆ ಇಷ್ಟು ಸಾಲದು, ಅವಕ್ಕೆ ನಿಜವಾದ ಚಳಿಗಾಲವೇ ಬೇಕು. ಆ ದಾರಿ ಬೇರೆ.

ಲಕ್ಷಣ: ಗಂಟು ಇತ್ತು, ಈಗ ಇಲ್ಲ

ತಿಂದಳು. ಬೇರೆ ಯಾರೂ ಕದ್ದಿಲ್ಲ.

ಎರಡನೇ ವರ್ಷ ತಾರೀಖು ಸರಿ ಹೊಂದಿಸಿದೆ. ಗುಂಡಮ್ಮ ಪಿಂಗ್‌ಪಾಂಗ್ ಚೆಂಡಿನಷ್ಟು ಬಿಳಿ ಗಂಟು ಕಟ್ಟಿ ಎದೆಗೆ ಅವಚಿಕೊಂಡು ಕೂತಳು. ನನಗೆ ನಿದ್ದೆ ಬರಲಿಲ್ಲ. ರಾತ್ರಿ ಎದ್ದು ಟಾರ್ಚ್ ಹಾಕಿ ನೋಡುವುದು. ಬೆಳಿಗ್ಗೆ ಮುಚ್ಚಳ ತೆಗೆದು ನೀರು ಚಿಮುಕಿಸುವುದು. ಡಬ್ಬಿಯನ್ನು ಹೀಟರಿನ ಹತ್ತಿರಕ್ಕೆ ಸರಿಸುವುದು, ಮತ್ತೆ ದೂರಕ್ಕೆ ಸರಿಸುವುದು. ಒಂಬತ್ತನೇ ದಿನ ಗಂಟು ಇರಲಿಲ್ಲ. ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳಿಗೆ ಜೇಡ ಅಂದರೆ ಆಗದು. ಆದರೂ ಕೇಳಿಸಿಕೊಂಡು ಒಂದೇ ಮಾತು ಅಂದಳು: “ಕಾವಿಗೆ ಕೂತ ಕೋಳೀನ ದಿನಾ ಎಬ್ಬಿಸಿ ನೋಡ್ತಾರೇನೋ, ಮಾರಾಯ?”

ಗಂಟು ತಿನ್ನಲು ಕಾರಣ ಹುಡುಕುವಾಗ ಈ ಕ್ರಮದಲ್ಲಿ ಕೇಳಿಕೊಳ್ಳಿ. ಡಬ್ಬಿಗೆ ಯಾರಾದರೂ ಕೈ ಹಾಕಿದರಾ? ಅದುರಿತಾ? ವಾಷಿಂಗ್ ಮೆಷಿನ್ ಪಕ್ಕದ ಕಪಾಟು, ಸ್ಪೀಕರ್ ಇಟ್ಟ ಮೇಜು, ಧಡಾರ್ ಅಂತ ಮುಚ್ಚುವ ಬಾಗಿಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾವು ಕಿವಿಯಲ್ಲಿ ಕೇಳುವುದನ್ನು ಅದು ಕಾಲಿನಲ್ಲಿ ಕೇಳುತ್ತದೆ. ಆಮೇಲೆ ನೀರು. ಗಂಟು ಹಿಡಿದ ತಾಯಿ ಊಟ ಮಾಡುವುದಿಲ್ಲ, ಬಾಯಾರಿಕೆ ಮಾತ್ರ ಇರುತ್ತದೆ. ಇಲ್ಲಿ ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸಿಬಿಡುತ್ತದೆ, ಬಟ್ಟಲು ಎರಡೇ ದಿನಕ್ಕೆ ಖಾಲಿ. ಬಟ್ಟಲನ್ನು ಗೂಡಿನ ಬಾಯಿಯ ಹತ್ತಿರ, ಮುಚ್ಚಳದ ತೂತಿನಿಂದಲೇ ಕೊಳವೆಯಲ್ಲಿ ತುಂಬುವ ಹಾಗೆ ಮೊದಲೇ ಇಡಿ. ಇನ್ನೊಂದು ತಪ್ಪು, ಪಾಪ ಹಸಿದಿರಬಹುದು ಅಂತ ಜೀವಂತ ಕ್ರಿಕೆಟ್ ಹುಳ ಬಿಡುವುದು. ಹುಳ ಗಂಟಿನ ಮೇಲೆ ಹತ್ತಿ ಓಡಾಡುತ್ತದೆ, ಕಚ್ಚುತ್ತದೆ. ಅವಳಿಗೆ ರೇಗುತ್ತದೆ.

ಇವೆಲ್ಲ ಸರಿಯಿದ್ದೂ ತಿಂದರೆ ಮೊಟ್ಟೆಯಲ್ಲಿ ಫಲವೇ ಇರಲಿಲ್ಲ ಎಂದು ತಿಳಿಯಿರಿ. ಜೋಡಿಯೇ ಆಗದ ಹೆಣ್ಣು ಕೂಡ ಕೆಲವೊಮ್ಮೆ ಸುಳ್ಳು ಗಂಟು ಕಟ್ಟುತ್ತದೆ. ಅದು ಹಾಳು ಅಂತ ಗೊತ್ತಾದ ಮೇಲೆ ತಿಂದು ಶಕ್ತಿ ವಾಪಸ್ ಪಡೆಯುವುದು ಬುದ್ಧಿವಂತಿಕೆಯೇ. ಅಂಥ ಸಂದರ್ಭದಲ್ಲಿ ಹಿಂದಿನ ಲಕ್ಷಣಗಳಿಗೆ ಮರಳಿ: ಗಂಡಿನ ಪೆನ್ನಿನಲ್ಲಿ ಇಂಕು ಇತ್ತಾ? ತೂರಿಸಿದ್ದನ್ನು ಕಣ್ಣಾರೆ ನೋಡಿದಿರಾ? ಎರಡು ಮೂರು ಸಲ ಜೋಡಿ ಮಾಡಿಸಿದಿರಾ, ಇಲ್ಲ ಒಂದೇ ಸಲಕ್ಕೆ ಬಿಟ್ಟಿರಾ?

ಲಕ್ಷಣ: ಗಂಟು ಬಿಚ್ಚಿದೆ, ಒಳಗೆ ಕೆಟ್ಟಿದೆ

ಗಂಟನ್ನು ತಾಯಿಯ ಹತ್ತಿರವೇ ಬಿಡಬೇಕಾ, ನಾವು ತೆಗೆಯಬೇಕಾ? ಇದರ ಬಗ್ಗೆ ಜಗಳವೇ ಇದೆ. ಕಾವು ಕೊಡುವುದರಲ್ಲಿ ತಾಯಿಯೇ ಮೇಲು. ಗಂಟನ್ನು ಅವಳು ಮತ್ತೆ ಮತ್ತೆ ತಿರುಗಿಸುತ್ತಾಳೆ, ಬಿಸಿಲು ಬಿದ್ದ ಕಡೆಗೋ ತೇವದ ಕಡೆಗೋ ಎತ್ತಿಕೊಂಡು ಹೋಗುತ್ತಾಳೆ. ಆದರೆ ಪೂರ್ತಿ ಬಿಟ್ಟರೆ ಒಂದು ದಿನ ನೂರಾರು ಮರಿ ಡಬ್ಬಿಯ ತೂತುಗಳಿಂದ ಹೊರಗೆ ಬರುತ್ತವೆ. ನಾನು ಸುಮಾರು ಮೂವತ್ತನೇ ದಿನ ತೆಗೆಯುತ್ತೇನೆ. ಅಷ್ಟು ಹೊತ್ತಿಗೆ ಮೊಟ್ಟೆಗೆ ಕಾಲು ಮೂಡಿರುತ್ತದೆ, ತಿರುಗಿಸುವ ಕೆಲಸ ತಪ್ಪುತ್ತದೆ.

ಮೂರನೇ ವರ್ಷ ಆತುರಪಟ್ಟು ಹದಿನೆಂಟನೇ ದಿನ ತೆಗೆದೆ. ತಾಯಿ ಮತ್ತೆ ತಿಂದುಬಿಟ್ಟಾಳು ಎಂಬ ಹೆದರಿಕೆ. ಒಳಗಿದ್ದ ಮೊಟ್ಟೆ ಚೆನ್ನಾಗಿತ್ತು. ನೆನೆಸಿದ ಸಬ್ಬಕ್ಕಿಯ ಹಾಗೆ, ಕೆನೆಬಣ್ಣ, ದುಂಡಗೆ, ಒಂದಕ್ಕೊಂದು ಅಂಟದೆ ಉರುಳುತ್ತಿದ್ದವು. ಅವನ್ನು ಒದ್ದೆ ಟಿಶ್ಯೂ ಪೇಪರಿನ ಮೇಲೆ ನೇರವಾಗಿ ಹರಡಿದೆ. ಅದೇ ದೋಷ. ತೇವ ಗಾಳಿಯಲ್ಲಿರಬೇಕು, ಮೊಟ್ಟೆಗೆ ತಾಗಬಾರದು. ಐದನೇ ದಿನಕ್ಕೆ ಅಡಿಯಲ್ಲಿದ್ದವು ಹಳದಿಯಾಗಿ ಕುಗ್ಗಿದವು. ಎಂಟನೇ ದಿನ ಬೂಷ್ಟು. ಒಂದು ಕೆಟ್ಟ ಮೊಟ್ಟೆ ಪಕ್ಕದ ಹತ್ತನ್ನು ಕೆಡಿಸುತ್ತದೆ, ಟೊಮೆಟೊ ಬುಟ್ಟಿಯಲ್ಲಿ ಆಗುವಂತೆ.

ಈಗ ಮಾಡುವುದು ಹೀಗೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಎರಡು ಬೆರಳು ನೀರು. ಅದರೊಳಗೆ ಎತ್ತರಿಸಿ ಇಟ್ಟ ಚಿಕ್ಕ ಡಬ್ಬಿ. ಚಿಕ್ಕ ಡಬ್ಬಿಯ ಬಾಯಿಗೆ ಹೆಂಗಸರ ನೈಲಾನ್ ಕಾಲುಚೀಲದ ತುಂಡನ್ನು ಜೋಲಿಯಂತೆ ಕಟ್ಟುತ್ತೇನೆ. ಮೊಟ್ಟೆ ಆ ಜೋಲಿಯಲ್ಲಿ. ತೊಟ್ಟಿಲೇ ಅಂದುಕೊಳ್ಳಿ. ದೊಡ್ಡ ಡಬ್ಬಿಯ ಮುಚ್ಚಳ ಓರೆಯಾಗಿರಲಿ. ಆವಿಯ ಹನಿ ಮೊಟ್ಟೆಯ ಮೇಲೆ ಬೀಳದೆ ಬದಿಗೆ ಜಾರುತ್ತದೆ. ಉಷ್ಣಾಂಶ 25ರಿಂದ 27 ಡಿಗ್ರಿ. ಜೋಲಿಯ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಅಳೆಯಿರಿ, ಕೋಣೆಯ ಗೋಡೆಯದನ್ನು ನಂಬಬೇಡಿ. ಕಾಲು ಮೂಡುವ ಮೊದಲೇ ತೆಗೆದಿದ್ದರೆ ದಿನಕ್ಕೆ ನಾಲ್ಕೈದು ಸಲ ಜೋಲಿಯನ್ನು ಮೆಲ್ಲಗೆ ಓಲಾಡಿಸಿ ಮೊಟ್ಟೆ ಉರುಳಿಸಬೇಕು. ಬಣ್ಣ ಕೆಟ್ಟದ್ದನ್ನು ಅದೇ ದಿನ ಚಮಚದಲ್ಲಿ ತೆಗೆಯಿರಿ.

ಬಿಚ್ಚಿದ ದಿನವೇ ಎಲ್ಲ ಒಣಗಿ ಸುಕ್ಕಾಗಿದ್ದರೆ ಡಬ್ಬಿ ಒಣಗಿತ್ತು. ಎಲ್ಲ ಒಂದೇ ಅಂಟು ಮುದ್ದೆಯಾಗಿದ್ದರೆ ಫಲ ಕಟ್ಟಿರಲಿಲ್ಲ, ಇಲ್ಲವೇ ತೇವ ವಿಪರೀತ. ಒಳಗೆ ಸಣ್ಣ ಬಿಳಿ ಹುಳ ತೆವಳುತ್ತಿದ್ದರೆ ಗೂನುಬೆನ್ನಿನ ಪುಟ್ಟ ನೊಣ ಮೊಟ್ಟೆ ಇಟ್ಟಿದೆ. ಡಬ್ಬಿಯಲ್ಲಿ ಕೊಳೆತ ಹುಳದ ಚೂರು ಉಳಿದರೆ ಅವು ಬರುತ್ತವೆ. ಆ ಗಂಟನ್ನು ಮನೆಯಿಂದ ಆಚೆ ಹಾಕಿ.

ಒಂದು ಎಚ್ಚರಿಕೆ. ಗಂಟು ತೆಗೆಯುವಾಗ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಈ ಜೇಡದ ಹೊಟ್ಟೆಯ ಕೂದಲು ನಸುಗುನ್ನಿ ಕಾಯಿಯ ರೋಮಕ್ಕೆ ಅಣ್ಣ. ಇವಳ ಬಳಗದ ಕೆಲವು ಜಾತಿಯ ತಾಯಂದಿರು ಅದನ್ನು ಗಂಟಿನ ಪದರಕ್ಕೂ ಸೇರಿಸಿ ನೇಯುತ್ತಾರೆ. ಚರ್ಮಕ್ಕೆ ತಾಗಿದರೆ ಒಂದೆರಡು ದಿನ ತುರಿಕೆ, ಕಣ್ಣಿಗೆ ಹೋದರೆ ಆಸ್ಪತ್ರೆ. ತಾಯಿಯನ್ನು ಉದ್ದ ಚಮಚದಿಂದ ಹಿಂದಕ್ಕೆ ಸರಿಸಿ, ಪ್ಲಾಸ್ಟಿಕ್ ಲೋಟ ಮುಚ್ಚಿ, ಆಮೇಲೆ ಗಂಟಿಗೆ ಕೈ ಹಾಕಿ. ಅವಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಪ್ರತಿ ಸಲವೂ ಕಳ್ಳನ ಹಾಗೆ ಅನ್ನಿಸುತ್ತದೆ.

ಲಕ್ಷಣ: ಮರಿ ಆದವು, ಸಾಯುತ್ತಿವೆ

ಕಾಲು ಮೂಡಿದ ಮೊಟ್ಟೆ ಮೊದಲ ಹಂತ. ಅಲುಗಾಡುತ್ತದೆ ಅಷ್ಟೆ. ಒಂದು ಪೊರೆ ಬಿಟ್ಟ ಮೇಲೆ ಮೈ ಸ್ವಲ್ಪ ಕಪ್ಪಾಗಿ ನಡೆಯಲು ಕಲಿಯುತ್ತದೆ. ಇನ್ನೊಂದು ಪೊರೆ ಬಿಟ್ಟ ಮೇಲೆಯೇ ನಿಜವಾದ ಮರಿ. ಜರ್ಮನ್ನರು ಆ ಹಂತಕ್ಕೆ ‘ಫ್ರೆಸ್‌ಹೌಟ್’ ಅನ್ನುತ್ತಾರೆ, ತಿನ್ನುವ ಚರ್ಮ ಅಂತ ಅರ್ಥ. ಹೆಸರೇ ಎಲ್ಲ ಹೇಳುತ್ತದೆ. ಅದಕ್ಕೆ ಮೊದಲು ತಿನ್ನಿಸಲು ಹೋಗಬೇಡಿ. ಹೊಟ್ಟೆಯಲ್ಲಿರುವ ಹಳದಿ ಸಾರವೇ ಅವಕ್ಕೆ ಬುತ್ತಿ. ಊಟ ಮಾಡುತ್ತಿಲ್ಲ ಅಂತ ಗಾಬರಿಯಾಗಿ ಹುಳ ಹಾಕಿದರೆ ಆ ಹುಳವೇ ಮರಿಯನ್ನು ತಿನ್ನುತ್ತದೆ.

ತಿನ್ನುವ ಚರ್ಮ ಬಂದ ಮೇಲೆ ಕೆಲವು ದಿನ ಜತೆಗಿದ್ದರೂ ನಡೆಯುತ್ತದೆ. ಆಮೇಲೆ ಒಂದನ್ನೊಂದು ತಿನ್ನಲು ಶುರು. ಸಂಖ್ಯೆ ಕಡಿಮೆಯಾಗುತ್ತಿದ್ದು ಹೆಣ ಕಾಣದಿದ್ದರೆ ಕಾರಣ ಅದೇ, ಬೇರೆ ಬೇರೆ ಪುಟ್ಟ ಡಬ್ಬಿಗೆ ಹಾಕಿ. ಮರಿಯ ಹೊಟ್ಟೆ ಒಣದ್ರಾಕ್ಷಿಯಾಗಿ ಕಾಲು ಮಡಚಿದ್ದರೆ ನೀರು ಸಾಲದು. ಮಣ್ಣಿನ ಒಂದು ಬದಿಯನ್ನು ಮಾತ್ರ ಒದ್ದೆ ಮಾಡಿ, ಇನ್ನೊಂದು ಬದಿ ಒಣಗಿರಲಿ. ತನಗೆ ಬೇಕಾದ ಕಡೆ ಅದು ಹೋಗುತ್ತದೆ. ಡಬ್ಬಿಯ ಗೋಡೆಯೆಲ್ಲ ಬೆವರಿ ಬೂಷ್ಟಿನ ವಾಸನೆ ಬಂದರೆ ಗಾಳಿ ಸಾಲದು, ಎದುರುಬದುರಾಗಿ ಇನ್ನೆರಡು ತೂತು ಮಾಡಿ. ಆಹಾರಕ್ಕೆ ಸತ್ತ ಕ್ರಿಕೆಟ್ ಹುಳದ ಒಂದು ಕಾಲು ಸಾಕು. ಮರುದಿನ ಉಳಿದದ್ದನ್ನು ತೆಗೆಯಿರಿ. ಇಷ್ಟಾದರೂ ಕೆಲವು ಸಾಯುತ್ತವೆ. ಪೊರೆ ಬಿಡುವಾಗ ಸಿಕ್ಕಿಕೊಂಡು ಸಾಯುವುದಕ್ಕೆ ನಮ್ಮ ಹತ್ತಿರ ಔಷಧ ಇಲ್ಲ.

ಲಕ್ಷಣ: ಮರಿ ಜಾಸ್ತಿ ಆದವು

ಇದನ್ನು ಯಾರೂ ದೋಷದ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಬೇಕು. ನಾಲ್ಕನೇ ವರ್ಷ ಗುಂಡಮ್ಮ 412 ಮರಿ ಕೊಟ್ಟಳು. ಇದು ಸುಲಭವಾಗಿ ಸಿಗುವ ಜಾತಿ, ಬೆಲೆ ಇಲ್ಲ. ದುಡ್ಡು ಮಾಡುತ್ತೇನೆ ಅಂದುಕೊಂಡಿದ್ದರೆ ಜೋಡಿ ಮಾಡಿಸುವ ಮೊದಲೇ ಆ ಆಸೆ ಬಿಡಿ. ಅರ್ಧ ಹೋತದ ಒಡೆಯನಿಗೆ ಹೋದವು. ಉಳಿದ ಇನ್ನೂರಕ್ಕೆ ಡಬ್ಬಿ, ಮಣ್ಣು, ವಾರಕ್ಕೊಮ್ಮೆ ಊಟ. ಎರಡು ತಿಂಗಳು ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕೊಡುವವರ ಹೆಸರು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಗಂಡನ್ನು ತನ್ನಿ. ಸಾಕಲಾರೆ ಅಂತ ಹೊರಗೆ ಬಿಡುವುದಂತೂ ಕೂಡದು.

ಕಾಗದದ ಕೆಲಸವೂ ಇದೆ. ಬ್ರಾಕಿಪೆಲ್ಮಾ ಕುಲ, ಅದರಿಂದ ಬೇರೆಯಾದ ಗುಂಡಮ್ಮನ ಕುಲ ಎರಡೂ ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 2019ರ ಸಭೆಯ ನಂತರ ಪೊಯಿಸಿಲೊಥೀರಿಯಾ ಕುಲವೂ ಸೇರಿತು. ಯುರೋಪಿನಲ್ಲಿ ಇವನ್ನು ಕೊಳ್ಳುವಾಗ ಮೂಲ ಎಲ್ಲಿಯದು ಅಂತ ತೋರಿಸುವ ಕಾಗದ ಕೇಳಿ ಪಡೆಯಿರಿ, ಮರಿ ಕೊಡುವಾಗ ನೀವೂ ಕೊಡಿ. ಭಾರತದಲ್ಲಿ ಇರುವವರಿಗೆ 2024ರ ನಿಯಮದಂತೆ ಈ ಪಟ್ಟಿಯ ವಿದೇಶಿ ಜೀವಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ಮಲೆನಾಡಿನ ಮರದ ಪೊಟರೆಯಿಂದ ಹಿಡಿದು ತಂದು ಸಾಕುವ ಯೋಚನೆ ಬೇಡ. ಅದನ್ನು ಅಲ್ಲೇ ನೋಡಿ ಬನ್ನಿ.

ಮರಿ ಕೊಡುವಾಗ ಡಬ್ಬಿಯ ಮೇಲೆ ಜಾತಿ, ಗಂಟು ತೆಗೆದ ತಾರೀಖು, ಎಷ್ಟನೇ ಪೊರೆ ಎಂದು ಬರೆದು ಅಂಟಿಸಿ. ನಾನು ಮನೆಯಲ್ಲಿ ಆರು ಮರಿ ಉಳಿಸಿಕೊಂಡಿದ್ದೇನೆ. ಗುಂಡಮ್ಮನ ಹೊಟ್ಟೆಯ ಬೋಳು ಈ ವಾರ ಕಪ್ಪಾಗಿದೆ. ಹೋತದ ಒಡೆಯ ಫೋನ್ ಮಾಡಿದ್ದ. ಬೇಸಿಗೆ ಕಳೆದ ಮೇಲೆ ಬಾ ಅಂದಿದ್ದೇನೆ.